ಸಹಾಯ ಬೇಕು: ಟ್ರಕ್ ನೋಡದೇ ಕೊಳ್ಳುತ್ತೇನೆ ಅನ್ನುವವರನ್ನು ನಂಬಬಹುದಾ?

ಎಲ್ಲರಿಗೂ ನಮಸ್ಕಾರ. ನನ್ನ ಹಳೇ ಫೋರ್ ವೀಲ್ ಡ್ರೈವ್ ಟ್ರಕ್ಕನ್ನು ಆನ್‌ಲೈನಲ್ಲಿ ಮಾರಾಟಕ್ಕೆ ಹಾಕಿದ್ದೇನೆ. ಚೆನ್ನಾಗಿ ದುಡಿದ ಗಾಡಿ. ಎಂಜಿನ್ ಗಟ್ಟಿಯಾಗಿದೆ. ಆದರೆ ಛಾಸಿಯ ಹಿಂಭಾಗಕ್ಕೆ ತುಕ್ಕು ಹಿಡಿದಿದೆ, ಲೋ ರೇಂಜಿಗೆ (ಕಷ್ಟದ ದಾರಿಯಲ್ಲಿ ನಿಧಾನವಾಗಿ ಎಳೆಯಲು ಬಳಸುವ ಗೇರ್) ಹಾಕುವಾಗ ಲಿವರ್ ಸ್ವಲ್ಪ ಹಠ ಮಾಡುತ್ತದೆ. ಏನನ್ನೂ ಮುಚ್ಚಿಡದೆ ಫೋಟೋ ಸಮೇತ ಬರೆದಿದ್ದೆ.

ಈಗ ಒಬ್ಬರು ಗಾಡಿ ನೋಡುವುದೇ ಬೇಡ, ಹೇಳಿದ ಬೆಲೆಗೇ ತಗೊಳ್ಳುತ್ತೇನೆ ಅನ್ನುತ್ತಿದ್ದಾರೆ. ಚೌಕಾಸಿ ಇಲ್ಲ, ತುಕ್ಕಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ! ಬೆಲೆಗಿಂತ ಜಾಸ್ತಿ ಮೊತ್ತದ ಚೆಕ್ ಕಳಿಸುತ್ತಾರಂತೆ. ಮಿಕ್ಕಿದ್ದನ್ನು ಗಾಡಿ ಸಾಗಿಸುವವರಿಗೆ ನಾನು ಕಳಿಸಬೇಕಂತೆ. ಫೋನ್ ಎತ್ತುವುದಿಲ್ಲ, ಬರೀ ಮೆಸೇಜ್. ಖಾತೆಯಲ್ಲಿ ಹಣ ಕಂಡ ಮೇಲೂ ಚೆಕ್ ಬೌನ್ಸ್ ಆಗಬಹುದು, ನಾನು ಕಳಿಸಿದ್ದು ಮಾತ್ರ ಹೋಗಿಯೇ ಹೋಗುತ್ತದೆ, ಅಲ್ವಾ? ಮೋಸ ಅಂತ ಮನಸ್ಸು ಹೇಳುತ್ತಿದೆ. ಆದರೆ ಮೂರು ತಿಂಗಳಲ್ಲಿ ಬಂದ ಒಬ್ಬರೇ ಗಿರಾಕಿ ಇವರು, ಸುಮ್ನೆ ಕೈಬಿಡಲು ಆಸೆ ಬಿಡುತ್ತಿಲ್ಲ.

ದೂರದವರಿಗೆ ಹೀಗೆ ಮಾರಿದವರು ಯಾರಾದರೂ ಇದ್ದೀರಾ? ಚೆಕ್ ಪೂರ್ತಿ ಪಾಸಾಗಿದೆ ಅಂತ ಬ್ಯಾಂಕಿನಲ್ಲಿ ಏನೆಂದು ಕೇಳಿ ಖಚಿತ ಮಾಡಿಕೊಂಡಿರಿ? ಇನ್ನೊಂದು, ಹೆಸರು ವರ್ಗಾವಣೆಗೆ ಮುಂಚೆ ಕೀ ಕೊಟ್ಟಿರಾ, ಆಮೇಲೆ ಕೊಟ್ಟಿರಾ?