ಅಪ್‌ಡೇಟ್: ಲಸಿಕೆ ಹಾಕಿಯೂ ಕೋಳಿಗಳಿಗೆ ಮ್ಯಾರೆಕ್ಸ್ (ಕಾಲು ಸೋಲಿಸುವ ವೈರಸ್ ರೋಗ) ಬಂದದ್ದೇಕೆ, ಗೊತ್ತಾಯಿತು

ದಾವಣಗೆರೆ ಪಕ್ಕದ ನಮ್ಮ ಹ್ಯಾಚರಿಯಿಂದ ಹೋದ ಮೊಟ್ಟೆಕೋಳಿ ಮರಿಗಳು, ಲಸಿಕೆ ಪಡೆದೂ ಮೂರು ತಿಂಗಳಿಗೆ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬೀಳುತ್ತಿವೆ, ಲಸಿಕೆಯೇ ಕಳಪೆಯೇ ಎಂದು ಕೇಳಿದ್ದೆ. ತಪ್ಪು ನಮ್ಮದೇ.

‘ನೀರಿನ ಬಿಸಿ ನೋಡಿ’ ಎಂದವರಿಗೆ ದೊಡ್ಡ ನಮಸ್ಕಾರ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿರುವ ಲಸಿಕೆಯ ಆಂಪೂಲನ್ನು (ಮುಚ್ಚಿದ ಪುಟ್ಟ ಗಾಜಿನ ಸೀಸೆ) ಸುಮಾರು 27 ಡಿಗ್ರಿ ನೀರಿನಲ್ಲಿ ಕರಗಿಸಬೇಕು. ನಮ್ಮಲ್ಲಿ ಥರ್ಮಾಮೀಟರ್ ಒಡೆದು ಎಷ್ಟೋ ದಿನವಾಗಿತ್ತು; ಹುಡುಗ ಬೆರಳದ್ದಿ ಅಂದಾಜು ಮಾಡುತ್ತಿದ್ದ. ಏಪ್ರಿಲ್‌ನಲ್ಲಿ ನಮ್ಮ ಮಾಳಿಗೆಯ ಟ್ಯಾಂಕಿನ ನೀರಿಗೆ ಚಹಾ ಪುಡಿ ಹಾಕಿದರೆ ಸಾಕು! ಲಸಿಕೆಯಲ್ಲಿರುವ ಜೀವಕೋಶಗಳು ಸತ್ತರೆ ಅವುಗಳೊಳಗಿನ ವೈರಸ್ಸೂ ಕೆಲಸಕ್ಕೆ ಬಾರದು. ಸಾಲದ್ದಕ್ಕೆ, ಕರಗಿದ ಲಸಿಕೆಯನ್ನು ದ್ರಾವಣಕ್ಕೆ ಬೆರೆಸಿಟ್ಟ ಚೀಲವನ್ನು ಊಟ ಮುಗಿಸಿ ಬಂದೂ ಬಳಸುತ್ತಿದ್ದರು. ಈಗ ಒಂದು ಗಂಟೆಯೊಳಗೆ ಮುಗಿಯುವಷ್ಟನ್ನೇ ಬೆರೆಸುತ್ತೇವೆ.

ಲಸಿಕೆಗೆ ನೀಲಿ ಬಣ್ಣ ಬೆರೆಸಿ ಚುಚ್ಚಿ, ಅದು ಚರ್ಮದಡಿ ಸೇರಿದೆಯೇ ಎಂದು ನೋಡುವ ಪರೀಕ್ಷೆಯೂ ಆಯಿತು. 100 ಮರಿಗಳ ಕತ್ತಿನ ತುಪ್ಪುಳ ಸರಿಸಿ ನೋಡಿದೆ. 81ರಲ್ಲಿ ಚರ್ಮದಡಿ ನೀಲಿ, 12ರಲ್ಲಿ ತುಪ್ಪುಳವಷ್ಟೇ ಒದ್ದೆ, 7ರಲ್ಲಿ ಏನೂ ಇಲ್ಲ. ಸೂಜಿಯ ತುದಿ ಕೊಕ್ಕೆಯಂತೆ ಬಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಅದೊಂದೇ. ಈಗ 1,000 ಮರಿಗೊಂದು ಸೂಜಿ. ಖರ್ಚಿಗೆ ಮಾಲೀಕರು ಗೊಣಗಿದರು. ಆ ನೂರರ ಲೆಕ್ಕ ತೋರಿಸಿದೆ, ಸುಮ್ಮನಾದರು.

ಕಳೆದ ವಾರ ನೂರಕ್ಕೆ 97ರಲ್ಲಿ ಚರ್ಮದಡಿ ನೀಲಿ. ಆ ಮರಿಗಳು ಚಿತ್ರದುರ್ಗದ ಫಾರ್ಮೊಂದಕ್ಕೆ ಹೋಗಿವೆ. ಕಾಲಿನ ಕಥೆ ತಿಳಿಯಲು ಇನ್ನೂ ಮೂರು ತಿಂಗಳು ಕಾಯಬೇಕು.