ಕುರ್ವೆಯ ಮನೆ ಮಾರಿ ಪೇಟೆಗೆ ಹೋಗಬೇಕಾ?

ಕುರ್ವೆ ಹುಡುಗಿ: ನಮ್ಮ ಮನೆ ಕುಮಟಾ ಹತ್ತಿರ, ಅಘನಾಶಿನಿ ಹೊಳೆ ನಡುವಿನ ಕುರ್ವೆಯಲ್ಲಿ, ಅಂದರೆ ನಡುಗಡ್ಡೆಯಲ್ಲಿ. ಬೆಂಗಳೂರಲ್ಲಿ ಒಂಬತ್ತು ವರ್ಷ ಇದ್ದೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಕಳೆದ ವರ್ಷ ವಾಪಸ್ ಬಂದೆ. ಈಗ ನೀರು ಇಳಿದ ಹೊತ್ತಿಗೆ ಅಮ್ಮನ ಜೊತೆ ಮೊಣಕಾಲುದ್ದ ನೀರಲ್ಲಿ ನಿಂತು ಬಳಚು (ಚಿಪ್ಪುಮೀನು) ಹೆಕ್ಕುತ್ತೇನೆ. ಕಣ್ಣೇ ಬೇಡ, ಕೆಸರಲ್ಲಿ ಕಾಲ್ಬೆರಳಿಗೇ ಚಿಪ್ಪು ತಾಗುತ್ತದೆ. ಅಣ್ಣ ಮಾತ್ರ ಜಾಗ ಮಾರಿ ಬಾ ಅಂತಾನೆ. ಹೀಗೆ ಉಳಿದವರು ಯಾರಾದರೂ ಇದ್ದೀರಾ?

ಮಾಣಿಕಟ್ಟಾದವರು: ಮಾರಬೇಡ ತಂಗಿ. ನಮ್ಮದು ಕಗ್ಗದ ಗದ್ದೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಭತ್ತ ಅದು. ಗೊಬ್ಬರವೂ ಬೇಡ. ಅಘನಾಶಿನಿಗೆ ಅಣೆಕಟ್ಟು ಕಟ್ಟಿಲ್ಲ. ಸಿಹಿನೀರು, ಉಪ್ಪುನೀರು ಹದವಾಗಿ ಬೆರೆಯುತ್ತವೆ. ಬಳಚು, ಸಿಗಡಿ ಎಲ್ಲಾ ಅದರಿಂದಲೇ ಅಲ್ವಾ? ಇಂಥ ಹೊಳೆ ಎಷ್ಟು ಉಳಿದಿವೆ ಹೇಳು?

ಕಾರವಾರದ ಅಕ್ಕ: ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಗೆ ದೋಣಿಯಲ್ಲಿ ಹೋದಾಗೆಲ್ಲ ನನಗೂ ಅಲ್ಲೇ ಉಳಿಯೋಣ ಅನಿಸುತ್ತದೆ. ಆದರೆ ಮಳೆಗಾಲದ ರಾತ್ರಿ ಅಮ್ಮನಿಗೆ ಜ್ವರ ಬಂದರೆ? ಅದೊಂದು ಯೋಚಿಸು.

ಕುರ್ವೆ ಹುಡುಗಿ: ದೋಣಿ ಮನೆಯದೇ ಇದೆ ಅಕ್ಕಾ, ಹುಟ್ಟು ಹಾಕಲು ನನಗೂ ಬರುತ್ತದೆ. ಭಾನುವಾರ ಅಣ್ಣನಿಗೆ ಬಳಚಿನ ಸುಕ್ಕ ಬಡಿಸಿ ಮಾತಾಡುತ್ತೇನೆ.