ಅಲಸಂಡೆಯ ವೈರಸ್ಸಿನಿಂದ ಕ್ಯಾನ್ಸರಿಗೆ ಮದ್ದು: ನಿಜವಾ?

ಪೆರ್ಲದ ಕೃಷಿಕ:
ಚಪ್ಪರದ ಅಲಸಂಡೆ ಎಲೆಯೆಲ್ಲ ಹಳದಿ ಹಸಿರು ಪಟ್ಟೆಯಾಗಿ ಮುರುಟಿದೆ. ಕಿತ್ತು ಸುಡಲು ಹೊರಟರೆ, ಮಂಗಳೂರಲ್ಲಿ ಬಯೋಟೆಕ್ನಾಲಜಿ ಓದುವ ಅಣ್ಣನ ಮಗಳು "ಅಪ್ಪಚ್ಚೀ, ಅಮೆರಿಕದಲ್ಲಿ ಈ ವೈರಸ್ಸಿನಿಂದ ಕ್ಯಾನ್ಸರಿಗೆ ಮದ್ದು ಮಾಡ್ತಾರೆ" ಅಂತಾಳೆ. ವೈರಸ್ಸಿನಿಂದ ಬ್ಯಾಟರಿಯೂ ಮಾಡ್ತಾರಂತೆ! ತಮಾಷೆಯಾ?

ಕುಂಬಳೆ ಭಟ್ರು:
ತಮಾಷೆ ಅಲ್ಲ ಮಾರಾಯ್ರೇ. ಆದರೆ ನಿಮ್ಮ ಚಪ್ಪರದ್ದು ಅದೇ ವೈರಸ್ ಅಂತ ಎಲೆ ನೋಡಿ ಹೇಳಲು ಬರುವುದಿಲ್ಲ. ಅಲಸಂಡೆಗೆ ಈ ರೋಗ ತರುವ ವೈರಸ್ ಹಲವು ಉಂಟು, ಕೆಲವನ್ನು ಗಿಡಹೇನು ಹರಡುತ್ತದೆ. ನೀವು ಕಿತ್ತು ಸುಡಿ, ಬೀಜಕ್ಕೂ ಇಡಬೇಡಿ.

ಹುಡುಗಿ ಹೇಳಿದ್ದು ಕೌಪೀ ಮೊಸಾಯಿಕ್ ವೈರಸ್ (ಕೌಪೀ ಅಂದರೆ ಅಲಸಂಡೆಯೇ). ಎಲೆ ತಿನ್ನುವ ದುಂಬಿಯಿಂದ ಹರಡುವಂಥದ್ದು, ಸುಮಾರು 30 ನ್ಯಾನೋಮೀಟರಿನ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರ್) ಉರುಟು ಚಿಪ್ಪು. ಸ್ಯಾನ್ ಡಿಯಾಗೋದಲ್ಲಿ ನಿಕೋಲ್ ಸ್ಟೈನ್‌ಮೆಟ್ಜ್ ಅವರ ತಂಡ ಇದನ್ನು ಅಲಸಂಡೆ ಗಿಡದಲ್ಲೇ ಬೆಳೆಸಿ, ಎಲೆ ಅರೆದು, ಶುದ್ಧ ಮಾಡಿ ನೇರ ಕ್ಯಾನ್ಸರ್ ಗೆಡ್ಡೆಗೇ ಚುಚ್ಚಿ ನೋಡುತ್ತಿದೆ. ವೈರಸ್ ತಾನಾಗಿ ಕ್ಯಾನ್ಸರ್ ಕೋಶವನ್ನು ಕೊಲ್ಲುವುದಿಲ್ಲ. ನಮ್ಮ ಮೈಯಲ್ಲಿ ಅದು ಹೆಚ್ಚಲೂ ಆಗದು. ಆದರೆ ಅದನ್ನು ಕಂಡ ರೋಗನಿರೋಧಕ ಕೋಶಗಳು ಎಚ್ಚೆತ್ತು ಮುಗಿಬೀಳುತ್ತವೆ, ಅಲ್ಲಿವರೆಗೆ ಅವುಗಳ ಕಣ್ತಪ್ಪಿಸಿ ಬೆಳೆದ ಗೆಡ್ಡೆಯೂ ಸಿಕ್ಕಿಬೀಳುತ್ತದೆ. ಇಲಿಗಳಲ್ಲಿ, ಕ್ಯಾನ್ಸರ್ ಬಂದ ಸಾಕುನಾಯಿಗಳಲ್ಲಿ ಫಲ ಕಂಡಿದೆ. ಡಾಕ್ಟರು ಚೀಟಿ ಬರೆದುಕೊಡುವ ಮದ್ದು ಇನ್ನೂ ಅಲ್ಲ. ದಯಮಾಡಿ ಯಾರೂ ಎಲೆ ಅರೆದು ಕುಡಿಯಬೇಡಿ (ನಾಳೆ ವಾಟ್ಸಾಪಿನಲ್ಲಿ ಬಂದೇ ಬರುತ್ತದೆ, ನೋಡ್ತಾ ಇರಿ).

ಬ್ಯಾಟರಿಯದ್ದು ಎಂ13 ಎಂಬ ಬೇರೆ ವೈರಸ್. ನೂಲಿನ ಹಾಗೆ ಉದ್ದ, ತಗಲುವುದು ಬ್ಯಾಕ್ಟೀರಿಯಕ್ಕೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಏಂಜೆಲಾ ಬೆಲ್ಚರ್ ತಂಡ ಅದರ ಜೀನ್ ತಿದ್ದಿ, ಮೈಮೇಲೆ ಕೋಬಾಲ್ಟ್ ಆಕ್ಸೈಡ್ ಕಟ್ಟಿಕೊಳ್ಳುವಂತೆ ಮಾಡಿ 2006ರಲ್ಲಿ ಬ್ಯಾಟರಿಯ ಒಂದು ಧ್ರುವ ತಯಾರಿಸಿತು. ಇನ್ನೊಂದು ಧ್ರುವ 2009ರಲ್ಲಿ ಆಯಿತು.

ಎಣ್ಮಕಜೆಯವಳು:
ಎಲ್ಲ ಸರಿ ಭಟ್ರೇ. ಗೇರುತೋಟಕ್ಕೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿಕೊಂಡ ಊರು ನಮ್ಮದು. ತಿದ್ದಿದ ವೈರಸ್ ಹೊರಗೆ ಬಿದ್ದರೆ ನಮ್ಮ ಅಲಸಂಡೆಯ ಗತಿ ಏನು?

ಕುಂಬಳೆ ಭಟ್ರು:
ನೀವು ಕೇಳದೆ ಇನ್ಯಾರು ಕೇಳಬೇಕು ಅಕ್ಕ! ಕ್ಯಾನ್ಸರಿನ ಪ್ರಯೋಗಕ್ಕೆ ಹೆಚ್ಚಾಗಿ ಬಳಸುವುದು ತಿದ್ದದ, ಇದ್ದ ಹಾಗಿನ ವೈರಸ್ಸನ್ನೇ. ಹಾಗಾಗಿ ಗಿಡಕ್ಕೆ ಖಂಡಿತ ತಗಲುತ್ತದೆ. ಅದಕ್ಕೇ ಅಲ್ಟ್ರಾವಯಲೆಟ್ ಬೆಳಕಿನಿಂದಲೋ ಫಾರ್ಮಲಿನ್ ಎಂಬ ರಾಸಾಯನಿಕದಿಂದಲೋ ಸೋಂಕಿನ ಶಕ್ತಿ ಕಳೆದು, ಚಿಪ್ಪನ್ನು ಉಳಿಸಿಕೊಳ್ಳುವ ದಾರಿಯನ್ನೂ ಪರೀಕ್ಷಿಸಿದ್ದಾರೆ. ತೊಡಕು ಏನೆಂದರೆ, ರೋಗನಿರೋಧಕ ಕೋಶಗಳನ್ನು ಕೆರಳಿಸುವುದರಲ್ಲಿ ಚಿಪ್ಪಿನ ಜೊತೆ ಒಳಗಿನ ಆರ್‌ಎನ್‌ಎಗೂ (ವೈರಸ್ಸಿನ ಜೀನ್ ಇರುವ ಎಳೆಗೂ) ಪಾಲಿದೆ. ಅದನ್ನು ಕೆಡಿಸಿದರೆ ಗಿಡ ಬಚಾವ್, ಮದ್ದಿನ ಜೋರು ಮಾತ್ರ ಕಡಿಮೆ. ನನ್ನನ್ನು ಕೇಳಿದರೆ, ಜೋರು ಕಡಿಮೆಯಾದರೂ ಅಡ್ಡಿಯಿಲ್ಲ, ಸೋಂಕು ಕಳೆದದ್ದೇ ಲ್ಯಾಬಿನ ಹೊಸ್ತಿಲು ದಾಟಲಿ.